ಒಂದನೇ ನಂಬರಿನ ಬಿಲ್ಲೆ

ಬೂದಿಕೋಟೆ
24 ಜನವರಿ 1984, ಮಂಗಳವಾರ

ಮೈಸೂರು ಮೈನ್ಸಿನ ಮಹಾ ಲೆಕ್ಕಿಗ ಮುನಿಶಾಮಿಗೆ ಬೂದಿಕೋಟೆಯ ಕೋದಂಡಪ್ಪ ಬರೆಯುವುದೇನೆಂದರೆ, ನಾನು ಇನ್ನೂ ಇದ್ದೇನೆ. ಸಮುದ್ರ ನನ್ನನ್ನು ನುಂಗಲಿಲ್ಲ. ನುಂಗಿದ್ದರೂ ಉಗುಳುತ್ತಿತ್ತು, ನಾನು ಅಷ್ಟು ಕಹಿಯಾಗಿದ್ದೆ.

ಭಾನುವಾರದ ಕಥೆಯನ್ನು ನಿನಗೇ ಹೇಳುತ್ತೇನೆ, ಕೇಳು. ಬೇರೆಯವರ ಕಥೆ ಎಂದುಕೊಂಡು ಕೇಳು, ಆಗ ನಿನಗೆ ನಾಚಿಕೆ ಬೇಗ ಬರುತ್ತದೆ.

ಬಂಗಾರಪೇಟೆಯಿಂದ ಮೆಟಡಾರಿನಲ್ಲಿ ಹತ್ತು ಜನ ಹೊರಟೆವು. ನಾನು, ನನ್ನ ತಮ್ಮ ಜಯರಾಮ, ನೀನು, ಮಿಕ್ಕ ಏಳು ಜನ ನಿನ್ನ ಮೈನ್ಸಿನ ಸ್ನೇಹಿತರು. ಮಹಾಬಲಿಪುರದ ಕಡಲು ನೋಡುವುದು, ಸಂಜೆಗೆ ತಿರುಗುವುದು, ಇಷ್ಟೇ ಮಾತು. ಆದರೆ ನೀನು ಗಣಿಯ ಬಾಯಲ್ಲಿ ಹತ್ತೊಂಬತ್ತು ವರ್ಷ ಬಿಲ್ಲೆ ಹಂಚಿದವನಲ್ಲವೇ. ಮನುಷ್ಯರನ್ನು ಮನುಷ್ಯರಾಗಿ ಎಣಿಸಲು ನಿನಗೆ ಬರುವುದಿಲ್ಲ. ಒಂದು ಹಲಗೆಗೆ ಹತ್ತು ಮೊಳೆ ಹೊಡೆದು, ಡಾಲ್ಡಾ ಡಬ್ಬದ ಮುಚ್ಚಳ ಕತ್ತರಿಸಿ, ಅದರ ಮೇಲೆ ನಂಬರು ಕುಟ್ಟಿ ತಂದಿದ್ದೆ. ಗಾಡಿಯ ಬಾಗಿಲಿಗೆ ಹಲಗೆ ತಗುಲಿಸಿ ಭಾಷಣ ಮಾಡಿದೆ: "ಇಳಿಯೋವಾಗ ಬಿಲ್ಲೆ ತಕ್ಕೊಂಡೋಗ್ರಪ್ಪ, ವಾಪಸ್ ಬಂದಾಗ ಮೊಳೆಗೆ ತಗಲಾಕ್ರಿ. ಮೊಳೆ ಎಲ್ಲಾ ತುಂಬಿದ್ಮೇಲೇನೆ ಗಾಡಿ ಒರಡೋದು. ಗಣಿ ರೂಲು ಇದು." ನನಗೆ ಒಂದನೇ ನಂಬರು ಕೊಟ್ಟೆ. ಸರಿಯಾಗಿಯೇ ಕೊಟ್ಟೆ. ನಾಟಕದಲ್ಲಿ ನೂರು ಜನ ಕೌರವರಲ್ಲಿ ಮೊದಲನೆಯವನಾಗುವವನಿಗೆ ಮತ್ಯಾವುದು ಕೊಡುತ್ತೀಯ.

ಅಲ್ಲಿ ಕಲ್ಲಿನ ರಥಗಳ ಹತ್ತಿರ ಏನಾಯಿತು, ನೆನಪಿದೆಯೇ? ತೋರಿಸುವವನು ಇದು ಧರ್ಮರಾಜನದು, ಇದು ಭೀಮನದು ಎಂದು ಒಂದೊಂದನ್ನೇ ಹೇಳುತ್ತ ಬಂದ. ನಾನು "ದುರ್ಯೋಧನನ್ ರಥಂ ಎಂಗೇ?" ಎಂದು, ದುರ್ಯೋಧನನ ರಥವೆಲ್ಲಿ ಎಂದು ಅವನ ತಮಿಳಿನಲ್ಲೇ ಕೇಳಿದೆ. ಅವನು ತಲೆ ಅಲ್ಲಾಡಿಸಿದ. ನೀನು ಎಲ್ಲರೆದುರು ನಕ್ಕೆ. "ನಿಂಗ್ಯಾಕ್ಲಾ ರಥ? ನೀನು ಕೊಳದಾಗೆ ಮುಳುಗೋನು" ಅಂದೆ.

ಆ ಮಾತಿಗಾಗಿಯೇ ನಾನು ನೀರಿಗಿಳಿದದ್ದು. ಶಿವರಾತ್ರಿಗೆ ನಮ್ಮ ನಾಟಕ. ಕೌರವ ಕೊಳದಲ್ಲಿ ಅಡಗಿರುತ್ತಾನೆ, ಭೀಮ ದಡದಲ್ಲಿ ನಿಂತು ಮೂದಲಿಸುತ್ತಾನೆ, ಆ ಮೂದಲಿಕೆ ತಡೆಯಲಾರದೆ ಕೌರವ ಎದ್ದು ಬರುತ್ತಾನೆ. ಹದಿನಾಲ್ಕು ವರ್ಷದಿಂದ ನಾನು ಏಳುವವನು, ನೀನು ಎಬ್ಬಿಸುವವನು. ಅಲೆಯನ್ನು ಮೀರಿಸಿ ಮಾತಾಡಿದರೆ ನಮ್ಮ ಬಯಲಿನ ಕೊನೆಯ ಸಾಲಿಗೂ ಕೇಳುತ್ತದೆ ಎಂದು, ಬಂಡೆಗಳ ಆಚೆಗೆ ಹೋಗಿ ಕುತ್ತಿಗೆಯವರೆಗೆ ನೀರಿನಲ್ಲಿ ನಿಂತೆ. ಪಂಚೆ, ಷರ್ಟು ಬಂಡೆಯ ಮೇಲೆ. ಬಿಲ್ಲೆ ಷರ್ಟಿನ ಜೇಬಿನಲ್ಲಿ. ಹೋಗುವಾಗ ಎಂದಿನಂತೆ ಜಯರಾಮನಿಗೆ "ನನ್ ಜಾಗ ಇಡ್ದಿರ್ಲಾ" ಎಂದು ಹೇಳಿಯೇ ಹೋಗಿದ್ದೆ. ಅಂದರೆ ನಾನು ಗಾಡಿಗೆ ಬರುವವನು ಎಂದು ನಿಮ್ಮೆಲ್ಲರಿಗೂ ಗೊತ್ತಿತ್ತು.

ಮಾತೆಲ್ಲ ಮುಗಿಸಿ ಎದ್ದು ಬಂದೆ. ಜೇಬಿನಲ್ಲಿ ಬಿಲ್ಲೆ ಇಲ್ಲ. ರಸ್ತೆಯಲ್ಲಿ ಗಾಡಿ ಇಲ್ಲ. ಚಿಲ್ಲರೆಯ ಚೀಲ ಗಾಡಿಯೊಳಗಿನ ನನ್ನ ಗಂಟಿನಲ್ಲಿ. ಯಾರ ಮುಖಕ್ಕಾಗಿ ಕಾಯಲಿ? ಹತ್ತು ನಿಮಿಷ ನಿಂತೆ. ಕೌರವೇಶ್ವರ ಅದಕ್ಕಿಂತ ಹೆಚ್ಚು ಯಾರಿಗೂ ಕಾಯುವುದಿಲ್ಲ. ವೇಲೂರಿಗೆ ಹೋಗುವ ಲಾರಿಯೊಂದನ್ನು ನಿಲ್ಲಿಸಿ, ಕರುವಾಡಿನ ಮೂಟೆಗಳ ಮೇಲೆ ಕುಳಿತು ಬಂದೆ. ಒಣಮೀನಿನ ಸಿಂಹಾಸನ. ಎರಡು ದಿನದಿಂದ ನನ್ನ ಹೆಂಡತಿ ಅಶ್ವತ್ಥಮ್ಮ ನನ್ನ ತಟ್ಟೆಯನ್ನು ಜಗಲಿಗೆ ತಂದಿಡುತ್ತಾಳೆ, ಒಳಗೆ ಸೇರಿಸುವುದಿಲ್ಲ. ನಾನು ಮನೆ ಮುಟ್ಟುವ ಹೊತ್ತಿಗೆ ಜಯರಾಮ ಕ್ಯಾಸಂಬಳ್ಳಿಯ ಮಾವನ ಮನೆಗೆ ಹೊರಟು ಹೋಗಿದ್ದ. ಹಸು ಕರು ಹಾಕಿದೆಯಂತೆ.

ಈಗ ಹೇಳು. ಹತ್ತು ಮೊಳೆ ತುಂಬದೆ ನೀನು ಗಾಡಿ ಬಿಡುವವನಲ್ಲ. ನನ್ನ ಬಿಲ್ಲೆ ಮೊಳೆಗೆ ಹೇಗೆ ಬಂತು?

ಕೋದಂಡಪ್ಪ


ಮೈಸೂರು ಮೈನ್ಸ್
28 ಜನವರಿ 1984

ಕೋದಂಡ,

ನೀನು ಮನೆ ಸೇರಿದ ಸುದ್ದಿಯನ್ನು ಸೋಮವಾರ ಸಂಜೆಯೇ ಜಯರಾಮ ಕ್ಯಾಸಂಬಳ್ಳಿಯಲ್ಲಿ ತಿಳಿದು ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದ. ಆಮೇಲೆ ಊಟ ಮಾಡಿದೆ.

ತಪ್ಪು ನನ್ನದು. ಹಲಗೆಯ ಮೇಲೆ ಹತ್ತೂ ಬಿಲ್ಲೆ ಇದ್ದವು. ಹಿಂದಿನ ಉದ್ದ ಸೀಟಿನಲ್ಲಿ ನಿನ್ನ ಗಂಟು, ಅದರ ಮೇಲೆ ನಿನ್ನ ಕಂಬಳಿ. ನೀನು ಹೊದ್ದು ಮಲಗಿದ್ದೀಯ ಎಂದುಕೊಂಡೆ. ಮಲಗಿದ ನಿನ್ನನ್ನು ಎಬ್ಬಿಸಿ ಬೈಗುಳ ತಿನ್ನುವ ಆಸೆ ಯಾರಿಗೂ ಇರಲಿಲ್ಲ. ಬಿಲ್ಲೆ ನೋಡಿದೆ, ಮುಖ ನೋಡಲಿಲ್ಲ. ಚೆಂಗಲ್ಪಟ್ಟಿನಲ್ಲಿ ಟೀಗೆ ನಿಲ್ಲಿಸಿದಾಗ ಗೊತ್ತಾಯಿತು. ಗಾಡಿ ತಿರುಗಿಸಿಕೊಂಡು ಬಂದೆವು. ನೀನು ಇರಲಿಲ್ಲ.

ಇನ್ನೊಂದು ಮಾತು. ಶಿವರಾತ್ರಿಗೆ ಭೀಮನ ಪಾತ್ರಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ನನ್ನ ಗಂಟಲು ಸರಿಯಿಲ್ಲ.

ಮುನಿಶಾಮಿ


ಬೂದಿಕೋಟೆ
31 ಜನವರಿ 1984

ಮುನಿಶಾಮಿ,

ನಿನ್ನ ಕಾಗದ ಓದಿದೆ. ಎರಡು ಸಲ ಓದಿದೆ, ಎರಡನೇ ಸಲ ಅಂಗಳದಲ್ಲಿ ನಿಂತು ಜೋರಾಗಿ ಓದಿದೆ. ಎದುರು ಮನೆಯ ಕದಿರಮ್ಮ ರಾಗಿ ಕೇರುವುದನ್ನು ನಿಲ್ಲಿಸಿ ಕೇಳಿ, "ಸಾವಿನ ಕಾಗ್ದ ಏನಣ್ಣ?" ಎಂದಳು. ಹೌದು ಕಣಮ್ಮ, ಒಂದು ಸ್ನೇಹದ್ದು ಎಂದೆ.

ತಿರುಗಿ ಬಂದಿರಂತೆ. ಸಾಕ್ಷಿ ಯಾರು, ಸಮುದ್ರವೇ?

ಬಿಲ್ಲೆ ಹೇಗೆ ಬಂತು ಎಂದು ಕೇಳಿದರೆ "ಹತ್ತೂ ಇದ್ದವು" ಎನ್ನುತ್ತೀಯ. ತವರದ ತುಂಡಿಗೆ ಕಾಲಿದೆಯೇ, ಬಂಡೆಯಿಂದ ನಡೆದು ಬಂದು ಮೊಳೆ ಹತ್ತಲು? ಯಾರೋ ನನ್ನ ಜೇಬಿಗೆ ಕೈ ಹಾಕಿದ್ದಾರೆ. ಯಾರೋ ಅದನ್ನು ತಂದು ತಗುಲಿಸಿದ್ದಾರೆ. ನೀನು ಹಲಗೆಯ ಪಕ್ಕದಲ್ಲೇ ನಿಲ್ಲುವವನು, ಕಾವಲು ನಾಯಿ ಗೇಟಿನ ಪಕ್ಕ ನಿಲ್ಲುವ ಹಾಗೆ. ನಿನಗೆ ಗೊತ್ತಿಲ್ಲದೆ ಒಂದು ನೊಣ ಅಲ್ಲಿ ಕೂರುವುದಿಲ್ಲ.

ಈಗ ಗಂಟಲು ಸರಿಯಿಲ್ಲವಂತೆ. ಹದಿನಾಲ್ಕು ವರ್ಷ ಸರಿಯಿದ್ದ ಗಂಟಲು, ಉಪವಾಸವಿದ್ದ ವರ್ಷವೂ ಸರಿಯಿದ್ದ ಗಂಟಲು, ಜ್ವರದಲ್ಲಿ ಭೀಮನಾಗಿ ಗರ್ಜಿಸಿ ರಂಗದ ಹಿಂದೆ ಬಂದು ವಾಂತಿ ಮಾಡಿಕೊಂಡ ಗಂಟಲು, ನನ್ನನ್ನು ಕಡಲಲ್ಲಿ ಬಿಟ್ಟು ಬಂದ ವಾರವೇ ಕೆಟ್ಟಿತೇ? ನನಗೆ ಅರ್ಥವಾಗುವುದಿಲ್ಲ ಎಂದುಕೊಂಡೆಯಾ. ಎದುರಿಗೆ ನಿಲ್ಲಲು ಮುಖವಿಲ್ಲ ಎಂದು ಹೇಳು. ಪಾಪ ಗಂಟಲಿನ ಮೇಲೆ ಯಾಕೆ ಹಾಕುತ್ತೀಯ?

ಒಂದೇ ಪ್ರಶ್ನೆ, ಮೂರನೇ ಸಲ ಕೇಳುವುದಿಲ್ಲ. ಬಿಲ್ಲೆ ಹಾಕಿದವರು ಯಾರು?

ಕೋದಂಡಪ್ಪ


ಮೈಸೂರು ಮೈನ್ಸ್
4 ಫೆಬ್ರವರಿ 1984

ಕೋದಂಡ,

ಯಾರು ಎಂದು ನನ್ನನ್ನು ಕೇಳಬೇಡ. ಹಲಗೆ ನನ್ನದು. ಹಲಗೆಯ ಮೇಲೆ ಇರುವುದಕ್ಕೆಲ್ಲ ಜವಾಬು ನನ್ನದು. ಗಣಿಯಲ್ಲೂ ಹಾಗೇ.

ನಿನ್ನ ಗಂಟು, ಚಿಲ್ಲರೆ ಚೀಲ, ಕಂಬಳಿ ಬಂಗಾರಪೇಟೆಯ ಸೀನಪ್ಪನ ಸೈಕಲ್ ಅಂಗಡಿಯಲ್ಲಿ ಇಟ್ಟಿದ್ದೇನೆ. ಸಂತೆಗೆ ಬಂದಾಗ ತೆಗೆದುಕೊ.

ಮುನಿಶಾಮಿ


ಬೂದಿಕೋಟೆ
7 ಫೆಬ್ರವರಿ 1984

ಶ್ರೀ ಮುನಿಶಾಮಿಯವರಿಗೆ,

ನೋಡು, ಬಹುವಚನ ಬಂತು. ಇಪ್ಪತ್ತು ವರ್ಷದಲ್ಲಿ ನಿನಗೆ ನಾನು ಹಾಕಿದ ಮೊದಲ ಬಹುವಚನ. ಕಡೆಯದೂ ಇದೇ.

ಕಂಬಳಿ ತಂದುಕೊಂಡೆ. ಅದರಿಂದ ನಿನ್ನ ಬೀಡಿಯ ವಾಸನೆ ಹೋಗಲಿ ಎಂದು ಬಿಸಿಲಿಗೆ ಹಾಕಿಸಿದ್ದೇನೆ.

ಹೆಸರು ಹೇಳದವನು ಕಳ್ಳ, ಇಲ್ಲವೇ ಕಳ್ಳನ ಗೆಳೆಯ. ನೀನೇ ತಗುಲಿಸಿದೆ ಎಂದು ತೀರ್ಮಾನ ಮಾಡಿದ್ದೇನೆ. ನಿನ್ನ ಏಳು ಜನ ಸ್ನೇಹಿತರ ಮುಂದೆ ಬೂದಿಕೋಟೆಯ ಗೌಡನನ್ನು ಒದ್ದೆ ಬಟ್ಟೆಯಲ್ಲಿ ನಿಲ್ಲಿಸಿ ನಗಬೇಕಿತ್ತು, ನಕ್ಕಿರಿ. ಆದರೆ ನಾನು ಯೋಚಿಸಿದ್ದು ನನ್ನೊಬ್ಬನ ಮಾತಲ್ಲ. ಹತ್ತು ಜನರನ್ನು ಎಣಿಸಲಾರದವನ ಕೈಯಲ್ಲಿ ಗಣಿಗೆ ಇಳಿಯುವ ನೂರಾರು ಜನರ ಬಿಲ್ಲೆಗಳಿವೆ. ನಾನು ಕಡಲ ದಡದಲ್ಲಿದ್ದೆ, ಲಾರಿ ಸಿಕ್ಕಿತು. ಭೂಮಿಯ ಕೆಳಗೆ ಉಳಿದವನಿಗೆ ಯಾವ ಲಾರಿ ಬರುತ್ತದೆ?

ಇದನ್ನೇ ಬರೆದು ನಿನ್ನೆ ನಿಮ್ಮ ಸಾಹೇಬರಿಗೆ ರಿಜಿಸ್ಟರ್ ಮಾಡಿದ್ದೇನೆ. ಹಲಗೆ, ಡಾಲ್ಡಾ ಮುಚ್ಚಳ, ಮೊಳೆ, ಎಲ್ಲ ಬರೆದಿದ್ದೇನೆ. ಹೆಬ್ಬೆಟ್ಟು ಒತ್ತಲಿಲ್ಲ, ದೊಡ್ಡ ಅಕ್ಷರದಲ್ಲಿ ರುಜು ಹಾಕಿದ್ದೇನೆ.

ಕೋದಂಡಪ್ಪ, ಬಿನ್ ಚಿಕ್ಕ ಮುನಿಯಪ್ಪ


ಮೈಸೂರು ಮೈನ್ಸ್
16 ಫೆಬ್ರವರಿ 1984

ಕೋದಂಡಪ್ಪ,

ಇವತ್ತು ಕರೆಸಿದರು. ನಿನ್ನ ಕಾಗದ ಮೇಜಿನ ಮೇಲಿತ್ತು. ಓದಿ ಹೇಳಿದರು. ಚೆನ್ನಾಗಿ ಬರೆದಿದ್ದೀಯ. ಭೂಮಿಯ ಕೆಳಗೆ ಯಾವ ಲಾರಿ ಬರುತ್ತದೆ ಎಂಬಲ್ಲಿ ಗುಮಾಸ್ತ ಕೂಡ ತಲೆ ಎತ್ತಿ ನನ್ನನ್ನು ನೋಡಿದ.

"ಇದು ನಿಜವೇನಪ್ಪ?" ಎಂದು ಕೇಳಿದರು. ನಿಜ ಎಂದೆ. ನಾನು ಎಣಿಸಿದ ಮೇಲೆ ಒಬ್ಬ ಉಳಿದಿದ್ದ, ಅದು ನಿಜ. ನಾಳೆಯಿಂದ ನಾನು ಸ್ಟೋರಿನಲ್ಲಿ ಹಗ್ಗ, ಮೊಳೆ ಅಳೆದು ಕೊಡುವವನು. ವಿಚಾರಣೆ ಮುಗಿಯುವವರೆಗೆ ಹಲಗೆಯ ಹತ್ತಿರ ಹೋಗುವ ಹಾಗಿಲ್ಲ. ವಿಚಾರಣೆ ಹೇಗೆ ಮುಗಿಯುತ್ತದೆ ಎಂದು ನನಗೆ ಗೊತ್ತಿದೆ.

ಈಗ ನನ್ನ ಸರದಿ, ಓದಿಕೊ. ನನ್ನ ಕೋಪಕ್ಕೆ ಹಾರ್ಮೋನಿಯಂ ಇಲ್ಲ. ಅದಕ್ಕೇ ಅದು ಇಲ್ಲ ಎಂದು ನೀನು ಅಂದುಕೊಂಡಿದ್ದೀಯ.

ಹತ್ತೊಂಬತ್ತು ವರ್ಷದಲ್ಲಿ, ಶಿಫ್ಟು ಮುಗಿದು ಒಂದು ಮೊಳೆ ಖಾಲಿಯಿದ್ದರೆ ನಾನು ಮನೆಗೆ ಹೋದವನಲ್ಲ. ಗೇಟಿಗೆ ಹೆಂಗಸರು ಬಂದು ನಿಲ್ಲುತ್ತಾರೆ. ತಮಿಳಿನವರು, ತೆಲುಗಿನವರು, ನಮ್ಮವರು. "ನಮ್ಮೋರು ಮೇಲಕ್ಕ ಬಂದ್ರೇನಣ್ಣ?" ಎನ್ನುತ್ತಾರೆ. ನಾನು ಹಲಗೆ ನೋಡುತ್ತೇನೆ. "ಬಂದವ್ನೆ ಕಣಮ್ಮ, ಓಗು, ಮುದ್ದೆ ತಿರುವು" ಎನ್ನುತ್ತೇನೆ. ಆ ಒಂದು ಮಾತು ಹೇಳಲು ನನಗೆ ಸಂಬಳ. ಇನ್ಯಾವ ಕೆಲಸವೂ ನನಗೆ ಬರುವುದಿಲ್ಲ. ನೀನು ಅದನ್ನು ಕಿತ್ತುಕೊಂಡೆ. ಯಾಕೆ? ನೀನು ಮೀನಿನ ಮೂಟೆಯ ಮೇಲೆ ಕುಳಿತೆ ಎಂದು.

ಅರ್ಧ ಗಂಟೆ. ಆ ಬಂಡೆಯ ಮೇಲೆ ಇನ್ನೊಂದು ಅರ್ಧ ಗಂಟೆ ಕುಳಿತಿದ್ದರೆ ನಾವು ಸಿಗುತ್ತಿದ್ದೆವು. ನಿನ್ನಿಂದ ಅದು ಆಗಲಿಲ್ಲ. ಕೌರವೇಶ್ವರ ಕಾಯುವುದಿಲ್ಲವಂತೆ. ಕಿರೀಟ ಶಿವರಾತ್ರಿಯ ಮಾರನೇ ದಿನ ಪೆಟ್ಟಿಗೆಗೆ ಹೋಗುತ್ತದೆ ಕಣಯ್ಯ. ನೀನೊಬ್ಬನೇ ಅದನ್ನು ವರ್ಷವೆಲ್ಲ ಹೊತ್ತು ತಿರುಗುವವನು.

ಬಿಲ್ಲೆ ಯಾರು ಹಾಕಿದರು ಎಂದು ಈಗಲೂ ಹೇಳುವುದಿಲ್ಲ. ನಿನ್ನ ಮೇಲಿನ ಪ್ರೀತಿಯಿಂದ ಅಲ್ಲ. ಕೊಟ್ಟ ಮಾತು, ಅಷ್ಟೇ.

ಇನ್ನು ಬರೆಯಬೇಡ.

ಮುನಿಶಾಮಿ


ಬೂದಿಕೋಟೆ
20 ಫೆಬ್ರವರಿ 1984, ಸೋಮವಾರ

ಮುನಿಶಾಮಿ,

ಬರೆಯಬೇಡ ಎಂದೆ. ಬರೆಯುತ್ತೇನೆ. ಹರಿದು ಹಾಕುವುದಾದರೆ ಓದಿ ಹರಿ.

ನಿನ್ನ ಸ್ಟೋರಿನ ಸುದ್ದಿ ಬಸ್ಸಿನಲ್ಲಿ ಕ್ಯಾಸಂಬಳ್ಳಿಗೆ ಹೋಗಿದೆ. ನಿನ್ನೆ ಜಯರಾಮ ಬಂದ. ನಾನು ಕೊಟ್ಟಿಗೆಯ ಮುಂದೆ ನಾಟಕದ ಮಾತು ಒಪ್ಪಿಸುತ್ತಿದ್ದೆ. ಬಂದವನು ಚಪ್ಪಲಿ ಕೂಡ ಬಿಡಲಿಲ್ಲ.

"ಅಣ್ಣ, ಬಿಲ್ಲೆ ಆಕಿದ್ದು ನಾನು."

"ಏನಂದೆ?"

"ನಾನೇ. ನಿನ್ ಜೋಬಿಂದ ತಕ್ಕೊಂಡೋಗಿ ಆಕ್ದೆ."

"ಯಾಕ್ಲಾ?"

"ನೀನೇ ಏಳ್ದ್ಯಲ್ಲ, ಜಾಗ ಇಡ್ದಿರು ಅಂತ."

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಬೂದಿಕೋಟೆ ಬಸ್ಸಿನಲ್ಲಿ ಮೂವತ್ತು ವರ್ಷದಿಂದ ಹಾಗೇ ತಾನೇ. ನಾನು ಹಿಂದೆ ನಿಧಾನವಾಗಿ ಬರುವುದು, ಅವನು ಮುಂದೆ ಓಡಿ ಕಿಟಕಿಯಲ್ಲಿ ನನ್ನ ಟವೆಲು ಎಸೆದು ಸೀಟು ಹಿಡಿಯುವುದು. ಟವೆಲು ಬಿದ್ದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಅವತ್ತು ನಿನ್ನ ಸ್ನೇಹಿತನೊಬ್ಬ ಹಿಂದಿನ ಉದ್ದ ಸೀಟಿನಲ್ಲಿ ಕಾಲು ಚಾಚಲು ನೋಡುತ್ತಿದ್ದನಂತೆ. "ಟವೆಲು ಒದ್ದೆ ಆಗಿತ್ತಣ್ಣ. ಅದ್ಕೆ ಬಿಲ್ಲೆ ಆಕ್ದೆ. ಗಂಟಿನ ಮ್ಯಾಲೆ ಕಂಬ್ಳಿನೂ ಒದ್ಸಿದೆ. ಒಂದ್ನೇ ನಂಬ್ರು ತುಂಬ್ತು ಅಂದ್ರೆ ನಿನ್ ಸೀಟು ಭದ್ರ ಅಂದ್ಕೊಂಡೆ." ಹಾಕಿ, ತನ್ನ ಜಾಗದಲ್ಲಿ ಕುಳಿತು, ಹಾಗೇ ನಿದ್ದೆ ಹೋದ.

ಗಣಿಯವನಿಗೆ ಅದು ಪ್ರಾಣ. ನಮ್ಮ ಜಯರಾಮನಿಗೆ ಅದು ಟವೆಲು.

ಗುದ್ದಲು ಕೈ ಎತ್ತಿದೆ. ಒಳಗಿನಿಂದ ಅಶ್ವತ್ಥಮ್ಮ ಅಂದಳು: "ರಾಜ್ರು ಸೀಟು ಇಡಿ ಅಂದ್ರು, ಇಡ್ದವ್ನೆ. ಇನ್ನೇನ್ ತಪ್ಪು ಮಾಡವ್ನೆ? ಅವತ್ತು ನೀವು ನಿಮ್ ಕಾಲಿಂದ ನಡ್ಕೊಂಡೋಗಿ ನೀವೇ ಕೂತಿದ್ರೆ ಆಗ್ತಿರ್ಲಿಲ್ವ?" ಎತ್ತಿದ ಕೈ ಎಲ್ಲಿ ಇಳಿಸುವುದೆಂದು ಗೊತ್ತಾಗಲಿಲ್ಲ. ಹದಿನಾಲ್ಕು ವರ್ಷ ರಂಗದ ಮೇಲೆ ನಿಂತವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆಮೇಲೆ ಅವನು ಮಿಕ್ಕದ್ದನ್ನು ಹೇಳಿದ. ಚೆಂಗಲ್ಪಟ್ಟಿನಲ್ಲಿ ಕಂಬಳಿ ಎತ್ತಿ ನೋಡಿದಾಗ ಅವನು ಅಳುತ್ತ ನಿನ್ನ ಕಾಲು ಹಿಡಿದನಂತೆ. "ಅಣ್ಣಂಗೆ ಏಳ್ಬೇಡ, ಮನೆಯಿಂದ ಆಚೆಗಾಕ್ತಾನೆ" ಎಂದನಂತೆ. ನೀನು ಒಪ್ಪಿದೆಯಂತೆ. ತಿರುಗಿ ಹೋದಾಗ ಹೊತ್ತು ಮುಳುಗುತ್ತಿತ್ತಂತೆ. ಬಂಡೆಯ ಮೇಲೆ ಬಟ್ಟೆಯೂ ಇಲ್ಲ, ನಾನೂ ಇಲ್ಲ. ಅಲೆ ಎರಡನ್ನೂ ಎಳೆದುಕೊಂಡಿದೆ ಎಂದು ಎಲ್ಲರೂ ತಿಳಿದರಂತೆ. ನೀನು ಮೊಳಕಾಲು ಮಟ್ಟ ನೀರಿಗಿಳಿದು ನಿಂತು, ಕಡಲಿಗೆ ಎದುರಾಗಿ ಭೀಮನ ಮೂದಲಿಕೆಯನ್ನು ಮೊದಲಿಂದ ಕೊನೆಯವರೆಗೆ ಕೂಗಿದೆಯಂತೆ. "ಏಳೋ ಹೇಡಿ, ತೊಂಬತ್ತೊಂಬತ್ತು ತಮ್ಮಂದಿರನ್ನ ಕಳಕೊಂಡು ನೀರೊಳಗೆ ಅವಿತಿದ್ದೀಯಾ, ಏಳೋ." ಮುಗಿದ ಮೇಲೆ ಮತ್ತೆ ಮೊದಲಿಂದ. ಜಯರಾಮ ಎಂಟರವರೆಗೆ ಎಣಿಸಿದನಂತೆ. ಅಷ್ಟು ಹೊತ್ತಿಗೆ ದನಿ ಒಡೆದು ಬರಿಯ ಗಾಳಿ ಬರುತ್ತಿತ್ತಂತೆ. ಶಂಖ ಮಾರುವ ಮುದುಕಿ ಬಂದು, ದೊಡ್ಡ ಮೀಸೆಯವನು ಮೀನಿನ ಲಾರಿಯಲ್ಲಿ ಬಯ್ದುಕೊಂಡು ಹೋದ ಎಂದು ಹೇಳಿದ ಮೇಲೆ ನೀನು ನೀರಿನಲ್ಲೇ ಕುಳಿತುಬಿಟ್ಟೆಯಂತೆ.

ನೀನು ಕೂಗುತ್ತಿದ್ದೆ. ಏಳಬೇಕಾದ ನಾನು ಕರುವಾಡಿನ ಮೇಲೆ ಕುಳಿತು, ನಿನ್ನನ್ನು ಯಾವ ಮಾತಿನಿಂದ ಬಯ್ಯಲಿ ಎಂದು ಹುಡುಕುತ್ತಿದ್ದೆ. ಆ ಗಂಟಲನ್ನು ನಾನು ಮುಖವಿಲ್ಲದ್ದಕ್ಕೆ ನೆಪ ಎಂದು ಬರೆದೆ.

ಆದರೂ ನನಗೆ ನಿನ್ನ ಮೇಲೆ ಸಿಟ್ಟಿದೆ. ಒಂದು ಸಾಲು ಬರೆದಿದ್ದರೆ ನಾನು ರಿಜಿಸ್ಟರ್ ಮಾಡುತ್ತಿರಲಿಲ್ಲ. ನೀನು ಮಾತಿಗೆ ನಿಂತು ದೊಡ್ಡವನಾದೆ, ನನ್ನನ್ನು ಸಣ್ಣವನಾಗಲು ಬಿಟ್ಟೆ. ಇದನ್ನು ಯಾವ ಲೆಕ್ಕಕ್ಕೆ ಹಾಕಲಿ?

ಸಾಹೇಬರಿಗೆ ಇನ್ನೊಂದು ಕಾಗದ ಬರೆಯಲು ಕುಳಿತೆ. ಜಯರಾಮ "ಕೊಡಣ್ಣ, ನಾನು ತಕ್ಕೊಂಡೋಗಿ ಕೊಟ್ಟು ಬತ್ತೀನಿ" ಎಂದ. ಕಾಗದ ಹರಿದು ಹಾಕಿದೆ. ಶುಕ್ರವಾರ ನಾನೇ ಬರುತ್ತೇನೆ.

ಕೋದಂಡ


ಮೈಸೂರು ಮೈನ್ಸ್
25 ಫೆಬ್ರವರಿ 1984, ಶನಿವಾರ

ಕೋದಂಡ,

ನಿನ್ನೆ ನೀನು ಬಂದದ್ದು ನನಗೆ ಸ್ಟೋರಿನೊಳಗೇ ಗೊತ್ತಾಯಿತು. ನೋಡಬೇಕಾಗಿರಲಿಲ್ಲ, ಕೇಳಿಸಿತು. ಶಿಫ್ಟು ಬಿಡುವ ಹೊತ್ತನ್ನೇ ಹುಡುಕಿ ಬಂದಿದ್ದೀಯ. ಆಫೀಸಿನ ಕಿಟಕಿಯಲ್ಲಿ ಮೆಲ್ಲಗೆ ಹೇಳಿದ್ದರೂ ಬರೆದುಕೊಳ್ಳುತ್ತಿದ್ದರು. ನಿನಗೆ ಮೆಲ್ಲಗೆ ಬರುವುದಿಲ್ಲ.

ನಮ್ಮ ಏಳು ಜನರಲ್ಲೊಬ್ಬ ಕದಿರಪ್ಪ ಆಮೇಲೆ ಬಂದು ಎಲ್ಲ ಹೇಳಿದ. ಗುಮಾಸ್ತ "ಯಾರ್ರೀ ನೀವು?" ಎಂದನಂತೆ. "ಬೂದಿಕೋಟೆ ಕೋದಂಡಪ್ಪ. ಸುಳ್ಳು ಬರೆದವನು" ಎಂದೆಯಂತೆ. "ನನ್ನ ಸೀಟಿಗೆ ನನ್ನ ಕಾಲಲ್ಲಿ ನಾನು ನಡೆಯದೆ ತಮ್ಮನನ್ನು ಕಳಿಸಿದೆ, ಬಿಲ್ಲೆ ಹಾಕಿಸಿದವನು ನಾನೇ, ಮುನಿಶಾಮಿಯ ಹಲಗೆಯಲ್ಲಿ ತಪ್ಪಿಲ್ಲ" ಎಂದೆಯಂತೆ. ಮೇಲೆ ಬಂದ ಜನ ಬಿಲ್ಲೆ ಕೈಯಲ್ಲಿ ಹಿಡಿದುಕೊಂಡೇ ನಿಂತು ಕೇಳಿದರಂತೆ. ಒಬ್ಬ ಕೈ ತಟ್ಟಿದನಂತೆ. ನೀನು ಅವನನ್ನು ಬಯ್ದೆಯಂತೆ. ಜಯರಾಮನ ಹೆಸರು ಎತ್ತಲಿಲ್ಲ ಎಂದು ಕೇಳಿದೆ. ಆಮೇಲೆ ಸ್ಟೋರಿನ ಕಡೆ ನೋಡದೆ ಬಸ್ಸಿಗೆ ನಡೆದೆ. ಒಳ್ಳೆಯದು ಮಾಡಿದೆ. ನೋಡಿದ್ದರೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಸೋಮವಾರದಿಂದ ಹಲಗೆಯ ಹತ್ತಿರ ಹೋಗು ಎಂದಿದ್ದಾರೆ. ಒಂದು ಎಚ್ಚರಿಕೆಯ ಕಾಗದವನ್ನೂ ಕೊಟ್ಟಿದ್ದಾರೆ, ಮುಖ ನೋಡಿ ಎಣಿಸಬೇಕೆಂದು. ಅದನ್ನು ತಪ್ಪು ಎನ್ನಲಾರೆ.

ಕ್ಷಮಿಸಿದೆ ಎಂದು ಓದಿಕೊಳ್ಳಬೇಡ. ಎಂಟು ದಿನ ನಾನು ಮೊಳೆ ಅಳೆದಿದ್ದೇನೆ. ಗೇಟಿನಲ್ಲಿ ಹೆಂಗಸರು ಬೇರೆ ಯಾರನ್ನೋ ಕೇಳುವುದನ್ನು ಎಂಟು ದಿನ ಒಳಗಿನಿಂದ ಕೇಳಿದ್ದೇನೆ. ಆ ಸಿಟ್ಟು ಹಾಗೇ ಇದೆ, ಬೇಯುತ್ತಿದೆ. ಅದನ್ನು ಯಾರ ಮೇಲೂ ಖರ್ಚು ಮಾಡದೆ ಬುಧವಾರಕ್ಕೆ ಇಟ್ಟುಕೊಂಡಿದ್ದೇನೆ.

ಶಿವರಾತ್ರಿಗೆ ಬರುತ್ತೇನೆ. ದನಿ ಅರ್ಧ ಬಂದಿದೆ. ಉಳಿದರ್ಧ ಗದೆಯಲ್ಲಿರುತ್ತದೆ. ತೊಡೆಗೆ ಗೋಣಿ ಎರಡು ಸುತ್ತು ಜಾಸ್ತಿ ಕಟ್ಟಿಕೊ.

ಈ ಲಕೋಟೆಯಲ್ಲಿ ನಿನ್ನ ಒಂದನೇ ನಂಬರಿನ ಬಿಲ್ಲೆ ಇದೆ. ಹಲಗೆಯನ್ನು ನಾನು ತರುತ್ತೇನೆ, ರಂಗದ ಹಿಂದೆ ಬಣ್ಣ ಹಚ್ಚುವ ಜಾಗದಲ್ಲಿ ತೂಗುಹಾಕುತ್ತೇನೆ. ಒಂದನೇ ಮೊಳೆ ತುಂಬುವವರೆಗೆ ನಾನು ಗದೆ ಮುಟ್ಟುವುದಿಲ್ಲ.

ನಿನ್ನ ಕಾಲಲ್ಲಿ ನಡೆದು ಬಂದು ನೀನೇ ತಗುಲಿಸು. ಜಯರಾಮನ ಕೈಲಿ ಕಳಿಸಬೇಡ.

ಮುನಿಶಾಮಿ